ಬಾಗಿಲಿಗೆ ಬಂದ ಬೋರ್ಡು

ಆ ಬೋರ್ಡನ್ನು ನಾನು ಕದ್ದದ್ದಲ್ಲ ಮಾರಾಯ್ರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅರ್ಧ ಕಥೆ ಕೇಳಿ ಎದ್ದುಹೋದವರು, ‘ಮಿಷನರಿಯಾಗಿ ಹೋದ ಪಾದ್ರಿ ಅಲ್ಲಿ ಕಳ್ಳತನ ಮಾಡಿದನಂತೆ’ ಎಂದು ಊರಿಡೀ ಹೇಳಿಕೊಂಡು ಬರುವುದುಂಟು.

ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯಲ್ಲಿ ದ್ರಾಕ್ಷಿ ತೋಟಗಳ ನಡುವೆ ಒಂದು ಚಿಕ್ಕ ಊರು. ಒಂದು ಬೇಕರಿ, ಒಂದು ಔಷಧದಂಗಡಿ, ಕಾಲು ಗಂಟೆಗೊಮ್ಮೆ ಬಾರಿಸಿ ‘ನಿನ್ನ ಆಯುಸ್ಸಿನಲ್ಲಿ ಇಷ್ಟು ಹೋಯಿತು’ ಎಂದು ನೆನಪಿಸುವ ಗೋಪುರದ ಗಡಿಯಾರ. ಸಭೆಯವರು ನನ್ನನ್ನು ಮೂರು ವರ್ಷಕ್ಕೆಂದು ಅಲ್ಲಿಗೆ ಕಳಿಸಿದರು. ಹೊರಡುವ ದಿನ ಉಡುಪಿಯ ನಮ್ಮ ಚಿಕ್ಕಮ್ಮ, “ನಮಗೆ ಬೈಬಲ್ ತಂದುಕೊಟ್ಟದ್ದು ಅವರಲ್ಲವಾ? ಈಗ ನೀನು ಅವರಿಗೆ ಎಂತ ಕೊಂಡುಹೋಗುವುದು?” ಎಂದು ಕೇಳಿದರು. ಸೆಮಿನರಿಯಲ್ಲಿ ಕಲಿತದ್ದೊಂದೂ ಆ ಹೊತ್ತಿಗೆ ನಾಲಗೆಗೆ ಬರಲಿಲ್ಲ. ನನ್ನವಳು ಮಾತ್ರ ಉತ್ತರವನ್ನು ಆಗಲೇ ಪೆಟ್ಟಿಗೆಯಲ್ಲಿ ಕಟ್ಟಿಟ್ಟಿದ್ದಳು: ಐದು ಕಿಲೊ ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಒಂದು ಹಿಡಿಸೂಡಿ, ಅಂದರೆ ತೆಂಗಿನ ಕಡ್ಡಿಯ ಪೊರಕೆ. ಹಿಡಿಸೂಡಿ ಯಾಕೆ ಎಂದರೆ, “ಅಲ್ಲಿ ತೆಂಗಿನಮರ ಉಂಟಾ?” ಎಂದು ನನಗೇ ಪ್ರಶ್ನೆ.

ಮೊದಲ ಭಾನುವಾರವೇ ನನ್ನ ಜರ್ಮನ್ ಭಾಷೆಯ ಪರೀಕ್ಷೆ. ಆರು ತಿಂಗಳು ಕಲಿತದ್ದೆಲ್ಲ ಉರು ಹೊಡೆದು, ವೇದಿಕೆ ಹತ್ತಿ, ‘ಭಾರತದ ಸಭೆಯಿಂದ ಬಂದಿದ್ದೇನೆ, ನಿಮ್ಮ ಸಭೆಯ ಸೇವೆಗೆ ನಿಂತಿದ್ದೇನೆ’ ಎಂದು ಗಂಭೀರವಾಗಿ ಹೇಳಿದೆ. ಮುಂದಿನ ಸಾಲಿನ ಹುಡುಗನೊಬ್ಬ ಮುಖ ಮುಚ್ಚಿಕೊಂಡ. ಆಮೇಲೆ ಗೊತ್ತಾಯಿತು. ಅವರ ‘ಕಿರ್ಖೆ’ ಎಂದರೆ ಚರ್ಚು, ನಮ್ಮ ಸಭೆ; ‘ಕಿರ್ಶೆ’ ಎಂದರೆ ಚೆರಿಹಣ್ಣು. ಆ ನಡುವಿನ ಅಕ್ಷರವನ್ನು ಬೆಕ್ಕು ಸಿಟ್ಟಾದಾಗ ಮಾಡುವ ಸದ್ದಿನ ಹಾಗೆ ಅಂಗುಳಕ್ಕೆ ನಾಲಗೆ ತಾಗಿಯೂ ತಾಗದಂತೆ ಹೇಳಬೇಕು. ನನ್ನ ಕರಾವಳಿಯ ನಾಲಗೆಗೆ ಅದು ಒಗ್ಗಲಿಲ್ಲ. ಹಾಗಾಗಿ ನಾನು ಭಾರತದ ಚೆರಿಹಣ್ಣಿನಿಂದ ಬಂದು ವ್ಯುರ್ಟೆಂಬರ್ಗಿನ ಚೆರಿಹಣ್ಣಿನ ಸೇವೆಗೆ ನಿಂತವನಾದೆ. ಹಿಂದೆ ನಮ್ಮ ಕರಾವಳಿಗೆ ಬಂದ ಬಾಸೆಲ್ ಮಿಷನಿನ ಪಾದ್ರಿಗಳು ನಮ್ಮ ಲಕಾರ ಳಕಾರಗಳ ನಡುವೆ ಸಿಕ್ಕಿ, ‘ಹಳ್ಳಿಗೆ ಹೋಗಿ ಬರುತ್ತೇನೆ’ ಎನ್ನಲು ‘ಹಲ್ಲಿಗೆ ಹೋಗಿ ಬರುತ್ತೇನೆ’ ಎನ್ನುತ್ತಿದ್ದರೆಂದು ನಮ್ಮ ಅಜ್ಜ ನಕ್ಕು ನಕ್ಕು ಹೇಳುತ್ತಿದ್ದರು. ಅಜ್ಜನ ನಗುವಿನ ಸಾಲವನ್ನು ಮೊಮ್ಮಗ ಬಡ್ಡಿ ಸಮೇತ ತೀರಿಸಿದ ಎಂದಿಟ್ಟುಕೊಳ್ಳಿ.

ಬೋರ್ಡಿನ ವಿಷಯ ಹೇಳುತ್ತಿದ್ದೆ, ಅಲ್ಲವೇ? ನಾವಿದ್ದ ಕಟ್ಟಡದಲ್ಲಿ ನಾಲ್ಕು ಮನೆ. ಬಂದ ಎರಡನೆಯ ವಾರ ನಮ್ಮ ಬಾಗಿಲಿನ ಹಿಡಿಗೆ ಒಂದು ಮರದ ಬೋರ್ಡು ತೂಗುತ್ತಿತ್ತು. ಅಂಗೈಯಗಲ, ಅಂಚಿಗೆ ಹೂಬಳ್ಳಿಯ ಚಿತ್ತಾರ, ನಡುವೆ ಚಂದದ ಅಕ್ಷರದಲ್ಲಿ ‘ಕೇರ್‌ವೋಖೆ’. ‘ವೋಖೆ’ ಎಂದರೆ ವಾರ, ಅಷ್ಟು ಗೊತ್ತಿತ್ತು. ಉಳಿದರ್ಧಕ್ಕೆ ನಿಘಂಟು ನೋಡುವುದು ಬಿಟ್ಟು ಬುದ್ಧಿ ಓಡಿಸಿದೆ. ನಮ್ಮ ಕಡೆ ವಾರಕ್ಕೊಂದು ಮನೆಯಂತೆ ಸರದಿಯಲ್ಲಿ ಪ್ರಾರ್ಥನಾ ಕೂಟ ನಡೆಯುತ್ತದಲ್ಲ, ಇದೂ ಅದೇ! ಹೊಸ ಪಾದ್ರಿಯ ಮನೆಗೆ ಮೊದಲ ಸರದಿ. ಎಂಥ ಭಕ್ತಿಯ ಜನ ಎಂದು ನನ್ನ ಕಣ್ಣು ಒದ್ದೆಯಾಯಿತು.

ಶನಿವಾರ ಸಂಜೆ ಕುರ್ಚಿಗಳನ್ನು ಸಾಲಾಗಿಟ್ಟೆವು. ನನ್ನವಳು ಮೊಸರು ಹುಳಿಯಾಗಿಸಿ, ಮೈದಾ ಕಲಸಿ, ಇಪ್ಪತ್ತು ಜನಕ್ಕಾಗುವಷ್ಟು ಗೋಳಿಬಜೆ ಕರಿದಳು. ಏಳು ಬಡಿಯಿತು, ಏಳೂಕಾಲು, ಏಳೂವರೆ. ಗೋಪುರದ ಗಡಿಯಾರ ಒಂದನ್ನೂ ಬಿಡದೆ ಲೆಕ್ಕ ಹೇಳಿತು. ಒಂದು ನರಪಿಳ್ಳೆಯೂ ಬರಲಿಲ್ಲ. ಭಾನುವಾರ ಬೆಳಿಗ್ಗೆ ಗೋಳಿಬಜೆ, ಮಧ್ಯಾಹ್ನ ಗೋಳಿಬಜೆ, ಸೋಮವಾರ ಸಾರಿನಲ್ಲಿ ಗೋಳಿಬಜೆ. “ಮುಂದಿನ ವಾರ ಬರುತ್ತಾರೋ ಏನೋ” ಎಂದು ನಾನು ಬೋರ್ಡನ್ನು ಒಳಗೆ ತಂದು ಕ್ಯಾಲೆಂಡರಿನ ಪಕ್ಕದಲ್ಲಿ ಮೊಳೆ ಹೊಡೆದು ತೂಗುಹಾಕಿದೆ. ಮೊಳೆ ಹೊಡೆದದ್ದು ಭಾನುವಾರ. ಅಲ್ಲಿ ಭಾನುವಾರ ಸುತ್ತಿಗೆಯ ಸದ್ದು ಕೂಡದು, ಹುಲ್ಲು ಕತ್ತರಿಸುವ ಯಂತ್ರ ಕೂಡದು, ಖಾಲಿ ಬಾಟಲಿಗಳನ್ನು ರಸ್ತೆ ಬದಿಯ ತೊಟ್ಟಿಗೆ ಹಾಕುವುದೂ ಕೂಡದು. ಸಬ್ಬತ್ತಿನ ಬಗ್ಗೆ ಅಂದು ಬೆಳಿಗ್ಗೆಯಷ್ಟೇ ಪ್ರಸಂಗ ಮಾಡಿ ಬಂದವನು ನಾನು.

ಮೂರು ವಾರ ಕಳೆಯಿತು. ಶರತ್ಕಾಲ, ಎದುರಿನ ಚೆಸ್ಟ್‌ನಟ್ ಮರದ ಎಲೆಯೆಲ್ಲ ಮೆಟ್ಟಿಲ ಮೇಲೆ. ಇಷ್ಟು ಶುಚಿಯ ಜನ ಇದನ್ನು ಯಾಕೆ ಬಿಟ್ಟಿದ್ದಾರೆ ಎಂದು ನಾವು ಗಂಡಹೆಂಡಿರು ಸ್ವಲ್ಪ ಹೆಮ್ಮೆಯಿಂದಲೇ ಮಾತಾಡಿಕೊಂಡೆವು. ಕೊನೆಗೆ ಮೇಲಿನ ಮಾಳಿಗೆಯ ಅಜ್ಜಿ ಬಾಗಿಲು ತಟ್ಟಿದರು. ಎಂಬತ್ತು ದಾಟಿದ ಜೀವ, ಬೆನ್ನು ಮಾತ್ರ ಒನಕೆಯಷ್ಟು ನೆಟ್ಟಗೆ. ಒಳಗೆ ಬಂದವರ ಕಣ್ಣು ಮೊದಲು ಬಿದ್ದದ್ದು ಗೋಡೆಯ ಮೇಲೆ. “ಪಾದ್ರಿಗಳೇ, ಅದು ಅಲ್ಲಿ ಏನು ಮಾಡುತ್ತಿದೆ?” ಎಂದರು. ನಾನು ಪ್ರಾರ್ಥನಾ ಕೂಟದ ವಿಷಯ ವಿವರಿಸಿದೆ. ಅಜ್ಜಿ ಕುರ್ಚಿ ಹಿಡಿದುಕೊಂಡು ಕೂತರು. ನಗುತ್ತಿದ್ದಾರೋ ಎದೆನೋವೋ ಎಂದು ಗೊತ್ತಾಗಲು ತುಸು ಹೊತ್ತು ಹಿಡಿಯಿತು.

ಕೇರ್‌ವೋಖೆ ಎಂದರೆ ಗುಡಿಸುವ ವಾರ. ಬೋರ್ಡು ಯಾರ ಬಾಗಿಲಲ್ಲಿ ಇದೆಯೋ ಆ ವಾರ ಮೆಟ್ಟಿಲು, ಅಂಗಳ, ಮುಂದಿನ ಕಾಲುದಾರಿ ಅವರ ಪಾಲು. ಗುಡಿಸಿ ಒರೆಸಿ ಬೋರ್ಡನ್ನು ಪಕ್ಕದ ಮನೆಗೆ ದಾಟಿಸಬೇಕು. ಬೋರ್ಡು ನಮ್ಮ ಗೋಡೆಯಲ್ಲಿದ್ದ ಕಾರಣ ಉಳಿದ ಮೂರು ಮನೆಯವರು ನಿಯಮ ಮೀರಲಾರದೆ ಎಲೆ ತುಳಿದುಕೊಂಡೇ ಓಡಾಡಿದ್ದರು! 1492ರಲ್ಲೇ ಸ್ಟುಟ್‌ಗಾರ್ಟಿನಲ್ಲಿ ವಾರಕ್ಕೊಮ್ಮೆ ಮನೆಮುಂದಿನ ಗಲೀಜು ಸಾಗಿಸಬೇಕೆಂದು ಕಟ್ಟಳೆ ಇತ್ತಂತೆ. ಕೊಲಂಬಸ್ ಇಂಡಿಯಾ ಹುಡುಕಿಕೊಂಡು ಹಡಗು ಹತ್ತಿದ ವರ್ಷ ಈ ಜನ ಪೊರಕೆ ಹುಡುಕುತ್ತಿದ್ದರು.

‘ಕೇರನ್’ ಎಂದರೆ ಅವರಿಗೆ ಗುಡಿಸುವುದು. ನಮ್ಮಲ್ಲಿ ಕೇರುವುದೆಂದರೆ ಗೆರಸೆಯಲ್ಲಿ ಅಕ್ಕಿ ಕೇರಿ ಹೊಟ್ಟು ಹಾರಿಸುವುದು. ಎರಡರಲ್ಲೂ ಕಸ ಹೋಗುತ್ತದೆ. ಎಪ್ಪತ್ತು ಸಾವಿರ ಶಬ್ದ ಕೂಡಿಹಾಕಿ 1894ರಲ್ಲಿ ಮಂಗಳೂರಿನಲ್ಲಿ ಕನ್ನಡ ನಿಘಂಟು ಅಚ್ಚು ಹಾಕಿಸಿದ ಜರ್ಮನ್ ಪಾದ್ರಿ ಕಿಟೆಲ್ ಅವರಿಗೆ ಈ ಜೋಡಿ ಕಣ್ಣಿಗೆ ಬಿದ್ದಿತ್ತೇ? ಬಿದ್ದಿದ್ದರೆ ಒಬ್ಬರೇ ಕೂತು ನಕ್ಕಿರಬೇಕು.

ಅಜ್ಜಿಯೇ ಒಂದು ದಿನ ಬಸ್ಸು ಹತ್ತಿಸಿ ನಮ್ಮನ್ನು ಬ್ರಾಕನ್‌ಹೈಮಿಗೆ ಕರೆದುಕೊಂಡು ಹೋದರು. ಹರ್ಮನ್ ಮೋಗ್ಲಿಂಗ್ 1811ರಲ್ಲಿ ಹುಟ್ಟಿದ ಊರು. 1836ರಲ್ಲಿ ಮಂಗಳೂರಿಗೆ ಬಂದು, 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿ, ಪಾದ್ರಿಯಾಗಿದ್ದೂ ದಾಸರ ಪದಗಳನ್ನು ಅಚ್ಚು ಹಾಕಿಸಿದ ಮನುಷ್ಯ. ಭಾವಚಿತ್ರದಲ್ಲಿ ನೋಡಿದರೆ ಇವರಿಗೆ ಮುಜುಗರ ಎಂದರೇನೆಂದೇ ಗೊತ್ತಿಲ್ಲವೇನೋ ಅನ್ನಿಸುತ್ತದೆ. ಆ ಬೀದಿಯಲ್ಲಿ ಪ್ರೆಟ್ಸಲ್ ತಿನ್ನುತ್ತಾ ನಿಂತಾಗ ಮಾತ್ರ ಬೇರೆ ಮೋಗ್ಲಿಂಗ್ ಕಂಡರು: ಇಪ್ಪತ್ತೈದರ ಹುಡುಗ, ಮಂಗಳೂರಿನ ಸೆಕೆಯಲ್ಲಿ ಕೋಟು ತೊಟ್ಟು, ಯಾರದೋ ಮನೆಯ ತೋರಣವನ್ನು ತನ್ನ ಸ್ವಾಗತಕ್ಕೇ ಕಟ್ಟಿದ್ದೆಂದು ತಿಳಿದು ಕೈಮುಗಿಯುತ್ತಿದ್ದಾನೆ. ಅವರ ಶಿಷ್ಯ, ನಮ್ಮ ಮಂಗಳೂರಿನ ಸಾರಸ್ವತ ಹುಡುಗ ಆನಂದರಾವ್ ಕೌಂಡಿನ್ಯ, 1846ರಿಂದ 1851ರ ತನಕ ಬಾಸೆಲಿನಲ್ಲಿ ಓದಿದರು. ಆ ಚಳಿಯಲ್ಲಿ, ಕುಚ್ಚಲಕ್ಕಿ ಗಂಜಿ ಇಲ್ಲದೆ, ಐದು ವರ್ಷ! ನನ್ನ ಪೆಟ್ಟಿಗೆಯ ಐದು ಕಿಲೊ ನೆನೆದು ನಾಚಿಕೆಯಾಯಿತು.

ಆ ವಾರದ ಭಾನುವಾರ ಚರ್ಚಿನಲ್ಲಿ ಆರ್ಗನ್ ಲೂಥರನ ‘ಐನ್ ಫೆಸ್ಟೆ ಬುರ್ಗ್’ ಎತ್ತಿಕೊಂಡಿತು. ನಮ್ಮ ಅಜ್ಜಿ ರುಬ್ಬುವ ಕಲ್ಲಿನ ಮುಂದೆ ಹಾಡುತ್ತಿದ್ದ ಧಾಟಿ! ಪುಸ್ತಕ ಬಿಟ್ಟು, ನನಗೆ ಅರಿವಿಲ್ಲದೆಯೇ ಗಂಟಲೆತ್ತಿ ಕನ್ನಡದಲ್ಲಿ ಹಾಡಿದೆ. ನಮ್ಮೂರಲ್ಲಿ ಸಾಲಿನ ಕೊನೆಯನ್ನು ಎಳೆದು ಎಳೆದು ಹಾಡುವ ಪದ್ಧತಿ. ಎಲ್ಲರೂ ಮುಗಿಸಿ ಸುಮ್ಮನಾದ ಮೇಲೂ ನನ್ನದೊಂದೇ ದನಿ ಮಾಡಿನಡಿ ಸುತ್ತುತ್ತಿತ್ತು. ಆರ್ಗನ್ ನುಡಿಸುವಾತ ತಿರುಗಿ ನೋಡಿ, ನಾನು ಮುಗಿಸುವ ತನಕ ಕಾದು, ಮುಂದಿನ ಚರಣವನ್ನು ನನ್ನ ಲಯಕ್ಕೆ ಇಳಿಸಿಕೊಂಡ.

ಬೋರ್ಡು ಮತ್ತೆ ನಮ್ಮ ಸರದಿಗೆ ಬಂದ ಶನಿವಾರ ನಸುಕಿಗೇ ಎದ್ದೆವು. ನನ್ನವಳು ಸೊಂಟಕ್ಕೆ ಶಾಲು ಬಿಗಿದು, ಹಿಡಿಸೂಡಿಯ ಬುಡವನ್ನು ಅಂಗೈಗೆ ಎರಡು ಸಲ ಕುಟ್ಟಿ, ಕಾಲುದಾರಿಯ ಕಲ್ಲುಗಳ ಸಂದಿನಲ್ಲಿ ಸಿಕ್ಕಿಕೊಂಡ ಎಲೆಯನ್ನೆಲ್ಲ ಕೆದಕಿ ತೆಗೆದಳು. ಮೇಲಿನ ಕಿಟಕಿ ತೆರೆಯಿತು. ಅಜ್ಜಿ ಇಳಿದುಬಂದು ಹಿಡಿಸೂಡಿಯನ್ನು ಕೈಗೆ ತೆಗೆದುಕೊಂಡು, ಒಂದೊಂದೇ ಕಡ್ಡಿಯನ್ನು ಬಗ್ಗಿಸಿ ನೋಡಿ, ನಮ್ಮ ಅಂಗಳದಲ್ಲೇ ನಾಲ್ಕು ಬೀಸು ಗುಡಿಸಿದರು. ಬೋರ್ಡನ್ನು ಅವರಿಗೆ ದಾಟಿಸುವಾಗ ಅದನ್ನೂ ಕೇಳಿ ಕೊಂಡುಹೋದರು.

ಬೋರ್ಡು ಆಮೇಲೆ ಎರಡು ಸಲ ನಮ್ಮ ಬಾಗಿಲಿಗೆ ಬಂದುಹೋಗಿದೆ. ಹಿಡಿಸೂಡಿ ಇನ್ನೂ ಬಂದಿಲ್ಲ.