ಸಾವಿರ ಚಂದ್ರ, ಒಂದು ಸೆಟ್ ಹಲ್ಲು

ನಮ್ಮ ಸೀಮೆಯ ಒಂದು ತಲೆಮಾರಿನವರಲ್ಲಿ ಬಹಳಷ್ಟು ಜನ ಜೂನ್ 1ರಂದು ಹುಟ್ಟಿದವರು. ಈ ಸಂಗತಿ ಅವರ ಹೆತ್ತ ತಾಯಂದಿರಿಗೇ ಗೊತ್ತಿರಲಿಲ್ಲ, ಶಾಲೆಯ ಮೇಷ್ಟ್ರಿಗೆ ಮಾತ್ರ ಗೊತ್ತಿತ್ತು. ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸಲು ಕರೆತಂದ ಅಜ್ಜನೋ ಸೋದರಮಾವನೋ "ಹುಟ್ಟಿದ್ದು ಯಾವಾಗ?" ಎಂಬ ಪ್ರಶ್ನೆಗೆ "ಕಡ್ಲೇಕಾಯಿ ಕೀಳೋ ಕಾಲ ಸ್ವಾಮಿ" ಎಂದೋ "ಕೆರೆ ಕೋಡಿ ಬಿದ್ದ ವರ್ಷ" ಎಂದೋ ಹೇಳುತ್ತಿದ್ದರು. ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುವರು. ಮುಟ್ಟಿತೋ, ವಯಸ್ಸಾಯಿತು. ದಾಖಲಾತಿ ಪುಸ್ತಕದಲ್ಲಿ ಜೂನ್ 1 ಎಂದು ಬಿತ್ತು. ಶಾಲೆ ಶುರುವಾಗುವುದು ಆ ಹೊತ್ತಿಗೇ ಆದ್ದರಿಂದ ಲೆಕ್ಕಕ್ಕೆ ಸಲೀಸು.

ನಮ್ಮಪ್ಪ ಹೀಗೆ ದಾಖಲಾದವರೂ ಹೌದು, ಆಮೇಲೆ ಮೇಷ್ಟ್ರಾಗಿ, ಹೆಡ್‌ಮಾಸ್ಟರಾಗಿ, ನೂರಾರು ಮಕ್ಕಳನ್ನು ಹೀಗೆಯೇ ದಾಖಲಿಸಿದವರೂ ಹೌದು. ಈಗಲೂ ಪ್ರತಿ ಜೂನ್ ಒಂದರಂದು ಅವರ ಫೋನಿಗೆ ಬಿಡುವಿಲ್ಲ. ಶಿಷ್ಯರು ಗುರುಗಳಿಗೆ ಶುಭ ಕೋರುತ್ತಾರೆ, ಗುರುಗಳು ಶಿಷ್ಯರಿಗೆ ಶುಭ ಕೋರುತ್ತಾರೆ, ಅವತ್ತು ಯಾರೂ ಹುಟ್ಟಿಲ್ಲವೆಂಬುದು ಎರಡೂ ಕಡೆಗೆ ಗೊತ್ತಿದೆ. ಅಮ್ಮನಿಗೆ ಮಾತ್ರ ಆ ದಿನ ಮೈಯೆಲ್ಲ ಉರಿ. ಅಪ್ಪ ನಿಜವಾಗಿ ಹುಟ್ಟಿದ್ದು ಸೆಪ್ಟೆಂಬರಿನಲ್ಲಿ. ಆಗ ಸರ್ಕಾರಿ ನೌಕರರ ನಿವೃತ್ತಿಯ ವಯಸ್ಸು 58. ತಿಂಗಳ ಮೊದಲನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ಮನೆಗೆ ಹೋಗಬೇಕು ಎಂದು ನಿಯಮ. 1945ರ ಜೂನ್ 1 ಎಂದು ಬರೆಸಿಕೊಂಡಿದ್ದಕ್ಕೆ ಅಪ್ಪ 2003ರ ಮೇ 31ಕ್ಕೆ ಹಾರ ಹಾಕಿಸಿಕೊಂಡು ಬಂದರು. "ನಾಲ್ಕು ತಿಂಗಳ ಸಂಬಳ ಕಣೇ, ಪೂರ್ತಿ ನಾಲ್ಕು ತಿಂಗಳದು, ಆ ಮೇಷ್ಟ್ರು ನುಂಗಿದ್ದು" ಎಂದು ಅಮ್ಮ ಇವತ್ತಿಗೂ ಹೇಳುತ್ತಾಳೆ. ಆ ಮೇಷ್ಟ್ರು ಕಾಲವಾಗಿ ಎಷ್ಟೋ ಕಾಲವಾಯಿತು. ಅಮ್ಮ ಬಿಟ್ಟಿಲ್ಲ.

ಇಂಥ ಅಪ್ಪನ ಎಂಬತ್ತನ್ನು ಆಚರಿಸಬೇಕೆಂದು ನಾವು ಮಕ್ಕಳು ತೀರ್ಮಾನಿಸಿದೆವು. ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿ, ಅದರಲ್ಲಿ ಅಪ್ಪನೊಬ್ಬರನ್ನು ಬಿಟ್ಟು ಉಳಿದವರನ್ನೆಲ್ಲ ಸೇರಿಸಿದೆವು. ಮೊದಲ ಜಗಳ ದಿನದ್ದು. ಅಮೆರಿಕದ ತಂಗಿಗೆ ಮಕ್ಕಳ ಬೇಸಿಗೆ ರಜದಲ್ಲೇ ಆಗಬೇಕು, ಅದೂ ಶನಿವಾರ. ಬೆಂಗಳೂರಿನ ತಮ್ಮನಿಗೆ ಯಾವಾಗಾದರೂ ಸರಿ, ಆದರೆ ಪ್ಲಾಸ್ಟಿಕ್ ಇರಕೂಡದು. ಅಮ್ಮನಿಗೆ ಶಾಸ್ತ್ರ. ಜಾತಕವನ್ನು ಗೆದ್ದಲು ತಿಂದು ಹಾಕಿದ್ದರಿಂದ ಆಧಾರಕ್ಕೆ ಉಳಿದದ್ದು ಅಜ್ಜಿ ಹೇಳುತ್ತಿದ್ದ ಮಾತು: "ನಾಳೆ ಗೌರಿ ಹಬ್ಬ, ಬಾಗಿನದ ಮೊರಕ್ಕೆ ಅರಿಸಿನ ಹಚ್ತಾ ಕೂತಿದ್ದೆ, ನೋವು ಶುರುವಾಯ್ತು." ಅಂದರೆ ಪಾರ್ಥಿವ ಸಂವತ್ಸರ, ಭಾದ್ರಪದ ಶುದ್ಧ ಬಿದಿಗೆ. ಜಪಾನ್ ಶರಣಾಗತಿಗೆ ಸಹಿ ಹಾಕಿದ್ದು ಅದೇ ಸೆಪ್ಟೆಂಬರಿನಲ್ಲಿ. ಎರಡಕ್ಕೂ ಏನೋ ಸಂಬಂಧವಿರುವ ಹಾಗೆ ಅಪ್ಪ ಅದನ್ನು ಹೇಳುತ್ತಾರೆ.

ಅರವತ್ತಾದಾಗ ಈ ತೊಂದರೆ ಇರಲಿಲ್ಲ. ಸಂವತ್ಸರಗಳು ಅರವತ್ತೇ ಆದ್ದರಿಂದ 2005ರಲ್ಲಿ ಪಾರ್ಥಿವ ತಾನಾಗಿಯೇ ಮರಳಿ ಬಂತು, ಷಷ್ಟ್ಯಬ್ದಿ ಮುಗಿಯಿತು, ಅಪ್ಪ ಅಮ್ಮನಿಗೆ ಇನ್ನೊಮ್ಮೆ ತಾಳಿ ಕಟ್ಟಿದರು. ಎಂಬತ್ತರ ಸಹಸ್ರಚಂದ್ರ ದರ್ಶನದ ಲೆಕ್ಕ ಅಷ್ಟು ಸುಲಭದ್ದಲ್ಲ. ಬದುಕಿನಲ್ಲಿ ಸಾವಿರ ಹುಣ್ಣಿಮೆ ಕಂಡವರಿಗೆ ಮಾಡುವ ಶಾಂತಿ ಅದು. ಎಂಬತ್ತು ತುಂಬಿದ ಕೂಡಲೇ ಮಾಡಿ ಅಂದರು ಒಬ್ಬ ಪುರೋಹಿತರು. ಎಂಬತ್ತು ವರ್ಷ ಎಂಟು ತಿಂಗಳಿಗೆ ಅಂದರು ಇನ್ನೊಬ್ಬರು. ಮೂರನೆಯವರು ಎಂಬತ್ತೊಂದರ ಪರ. ತಮ್ಮ ಲ್ಯಾಪ್‌ಟಾಪ್ ತೆರೆದ. ಹುಣ್ಣಿಮೆಯಿಂದ ಹುಣ್ಣಿಮೆಗೆ 29.53 ದಿನ, ವರ್ಷಕ್ಕೆ ಹನ್ನೆರಡರಂತೆ ಎಂಬತ್ತು ವರ್ಷಕ್ಕೆ 960, ನಡುನಡುವೆ ಬರುವ ಅಧಿಕಮಾಸಗಳಿಂದ ಇನ್ನೊಂದು ಮೂವತ್ತರಷ್ಟು. ಹಾಗಾದರೂ ಹತ್ತು ಹುಣ್ಣಿಮೆ ಬಾಕಿ. ಎಲ್ಲ ಕೂಡಿಸಿ ಅಪ್ಪನ ಸಾವಿರನೆಯ ಚಂದ್ರ ಬೀಳುವುದು 2026ರ ಜೂನ್ ಕೊನೆಯ ಹುಣ್ಣಿಮೆಗೆ ಎಂದ. ಪಂಚಾಂಗ ನೋಡಿದರೆ ಆಹಾ ಎಂಥ ಸಂದಿ! ಆ ವರ್ಷ ಅಧಿಕ ಜ್ಯೇಷ್ಠ, ಅದರಲ್ಲಿ ಶುಭಕಾರ್ಯ ಬೇಡ. ಹಿಂದೆಯೇ ಆಷಾಢ, ಅದರಲ್ಲೂ ಬೇಡ. ನಡುವೆ ಇರುಕಿಕೊಂಡ ನಿಜ ಜ್ಯೇಷ್ಠದ ಹುಣ್ಣಿಮೆ ಅದು.

"ಸೋಮವಾರ!" ಎಂದು ತಂಗಿ ಅಲ್ಲಿಂದ ಅತ್ತಳು. ಛತ್ರಕ್ಕೆ ಸೋಮವಾರ ಬಾಡಿಗೆ ಕಡಿಮೆ ಎಂದು ಅಮ್ಮ ಇಲ್ಲಿಂದ ಸಮಾಧಾನ ಮಾಡಿದಳು. ಇಷ್ಟೆಲ್ಲ ಆದ ಮೇಲೆ ವಿಷಯವನ್ನು ಅಪ್ಪನಿಗೆ ತಿಳಿಸಿದೆವು. ಅವರು ಕ್ಯಾಲೆಂಡರನ್ನು ಕನ್ನಡಕದ ಮೇಲಿಂದ ನೋಡಿ, "ಅವತ್ತು ಕಾರಹುಣ್ಣಿಮೆ. ಎತ್ತುಗಳಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹಾರ ಹಾಕಿ ಮೆರವಣಿಗೆ ಮಾಡ್ತಾರೆ. ನನ್ನನ್ನೂ ಜೊತೆಗೆ ನಿಲ್ಲಿಸಿಬಿಡಿ, ಖರ್ಚು ಉಳಿಯುತ್ತೆ" ಎಂದರು.

ಇನ್ನು ತಾಂಬೂಲದ ಜೊತೆ ಬಂದವರಿಗೆ ಏನು ಕೊಡುವುದು? ಸ್ಟೀಲ್ ಡಬ್ಬಿ, ಬಟ್ಟೆ ಚೀಲ, ಬೆಳ್ಳಿ ಬಣ್ಣದ ಕುಂಕುಮದ ಬಟ್ಟಲು ಎಂದು ನಾವು ಚರ್ಚೆ ಮಾಡುತ್ತಿರುವಾಗಲೇ ತಮ್ಮ ತನ್ನ ಅಸ್ತ್ರ ತೆಗೆದ. ಅವನು ಇತ್ತೀಚೆಗೆ ನೈಸರ್ಗಿಕನಾಗಿದ್ದಾನೆ. ಸೋಪು ಬಿಟ್ಟು ಕಡಲೆಹಿಟ್ಟಿಗೆ ಬಂದ, ಶಾಂಪೂ ಬಿಟ್ಟು ಸೀಗೆಗೆ ಬಂದ, ಈಗ ಟೂತ್‌ಪೇಸ್ಟಿನ ಸರದಿ. ಮನೆಯಲ್ಲೇ ಮಾಡಿದ ಪೇಸ್ಟನ್ನು ಪುಟ್ಟ ಗಾಜಿನ ಭರಣಿಗಳಲ್ಲಿ ತುಂಬಿ, ಮೇಲೊಂದು ಚೀಟಿ ಅಂಟಿಸಿ ಎಲ್ಲರಿಗೂ ಕೊಡುವುದು. ಡಿಸೆಂಬರಿನಲ್ಲಿ ಒಂದು ಭರಣಿ ಮಾದರಿಗೆಂದು ತಂದ. ಕೊಬ್ಬರಿ ಎಣ್ಣೆ, ಅಡುಗೆ ಸೋಡಾ, ಪುಡಿ ಉಪ್ಪು, ಚಿಟಿಕೆ ಅರಿಸಿನ, ಲವಂಗದ ಎಣ್ಣೆ. ನೋಡಲು ಬೆಣ್ಣೆಯ ಹಾಗೆ ಚೆಂದವಾಗಿತ್ತು.

ಆದರೆ ಕೊಬ್ಬರಿ ಎಣ್ಣೆ ಕರಗುವುದು 24 ಡಿಗ್ರಿ ಸುಮಾರಿಗೆ. ಬೆಂಗಳೂರಿನ ಡಿಸೆಂಬರಿನಲ್ಲಿ ಪೇಸ್ಟಾಗಿದ್ದ ವಸ್ತು ಮೈಸೂರಿನ ಏಪ್ರಿಲ್ಲಿಗೆ ಬಂದಾಗ ಮೇಲೆ ಎಣ್ಣೆ, ಕೆಳಗೆ ಸೋಡಾದ ಕೆಸರು ಎಂದು ಭಾಗವಾಗಿ ಬೇರೆ ಬೇರೆ ಸಂಸಾರ ಹೂಡಿತು. ಫ್ರಿಜ್ಜಿನಲ್ಲಿಟ್ಟರೆ ಕಲ್ಲು. ಚಮಚದ ಹಿಡಿ ಬಗ್ಗಿತೇ ಹೊರತು ಪೇಸ್ಟು ಏಳಲಿಲ್ಲ. ಅರಿಸಿನ ಹಲ್ಲಿಗೆ ಏನು ಮಾಡಿತೋ, ಬಿಳಿ ವಾಶ್‌ಬೇಸಿನ್ನಿಗೆ ಮಾತ್ರ ಮದುವಣಗಿತ್ತಿಯ ಕಳೆ ಕೊಟ್ಟಿತು. ಲವಂಗದ ಎಣ್ಣೆಯಲ್ಲಿ ಯೂಜಿನಾಲ್ ಎಂಬ ಮರಗಟ್ಟಿಸುವ ಗುಣದ ವಸ್ತುವಿದೆ, ಹಲ್ಲುನೋವಿಗೆ ಲವಂಗ ಕಚ್ಚುವುದು ಅದಕ್ಕೇ. ತಮ್ಮ ಕೈ ಸ್ವಲ್ಪ ಧಾರಾಳವಾಗಿ ಹನಿಸಿದ್ದರಿಂದ ಅವನ ಮಗ ಹಲ್ಲುಜ್ಜಿದ ಮೇಲೆ ಬಹಳ ಹೊತ್ತು 'ರ'ಕಾರವಿಲ್ಲದ ಕನ್ನಡ ಮಾತಾಡಿದ. ಅಮ್ಮ ಭರಣಿಯನ್ನು ಮೂಸಿ ನೋಡಿ, "ಎಣ್ಣೆ ಇದೆ, ಸೋಡಾ ಇದೆ, ಉಪ್ಪಿದೆ, ಅರಿಸಿನ ಇದೆ. ಇನ್ನು ಕಡ್ಲೇಹಿಟ್ಟೊಂದು ಬಿದ್ದರೆ ಬೋಂಡಾ ಆಗುತ್ತಲ್ಲೋ" ಎಂದಳು.

ತಮ್ಮ ಸೋಲಲಿಲ್ಲ. ಎಣ್ಣೆ ಬಿಟ್ಟು ಪುಡಿಗೆ ಬಂದ. ಇಲ್ಲಿ ಅವನ ಪಕ್ಷಕ್ಕೆ ಬಲವಿತ್ತು. ಮೈಸೂರಿನವರಿಗೆ ಹಲ್ಲುಪುಡಿಯ ವಿಷಯದಲ್ಲಿ ಒಂದು ಬಗೆಯ ಊರಭಿಮಾನ. ಬಿ.ವಿ. ಪಂಡಿತರು 1913ರಲ್ಲಿ ಶುರುಮಾಡಿದ ಸದ್ವೈದ್ಯಶಾಲೆಯ ನಂಜನಗೂಡು ಹಲ್ಲುಪುಡಿ ಎಂದರೆ ನಮ್ಮ ಬಾಲ್ಯದ ಗುಲಾಬಿ ಬಣ್ಣ. ಅಂಗೈಗೆ ಹಾಕಿಕೊಂಡ ಪುಡಿಯಲ್ಲಿ ಹಲ್ಲಿಗೆ ತಲುಪಿದ್ದೆಷ್ಟು, ನಾಲಿಗೆಗೆ ತಲುಪಿದ್ದೆಷ್ಟು ಎಂಬ ಲೆಕ್ಕವನ್ನು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಕರಾವಳಿಯವರು ಮಾವಿನೆಲೆ ಸುರುಳಿ ಸುತ್ತಿ ಉಜ್ಜುತ್ತಿದ್ದರು, ಬಯಲುಸೀಮೆಯಲ್ಲಿ ಬೇವಿನ ಕಡ್ಡಿ, ಹೊಂಗೆ ಕಡ್ಡಿ. ಏನೂ ಸಿಗದವರಿಗೆ ಒಲೆಯ ಇದ್ದಿಲು, ಭತ್ತದ ಹೊಟ್ಟಿನ ಕರಿ, ಇಟ್ಟಿಗೆ ಪುಡಿ. "ಸುಶ್ರುತ ಹೇಳಿದ್ದಾನೆ ಅಪ್ಪಾ, ಹಲ್ಲುಕಡ್ಡಿ ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನ ಗಾತ್ರ ಇರಬೇಕು ಅಂತ" ಎಂದ ತಮ್ಮ. ಅಪ್ಪನ ಕಣ್ಣು ಹೊಳೆಯಿತು. "ಅದೇ ಅಳತೆ ಕಣೋ! ನಾನು ಕ್ಲಾಸಲ್ಲಿ ಇಟ್ಕೊಂಡಿದ್ದೂ ಅಷ್ಟೇ ಉದ್ದದ್ದು. ಅದರಲ್ಲಿ ಮಗ್ಗಿ ಚೆನ್ನಾಗಿ ಬರ್ತಿತ್ತು."

ಈ ಮಾತಿನ ನಡುವೆ ನನ್ನ ಮಗಳು ಬಾಯಿ ಹಾಕಿದಳು. ಅವಳು ದಂತವೈದ್ಯ ಓದುತ್ತಿದ್ದಾಳೆ, ಅದೂ ಕೊನೆಯ ವರ್ಷ, ಆ ವಯಸ್ಸಿನಲ್ಲಿ ಎಲ್ಲರ ಬಾಯೂ ಅವಳಿಗೆ ಪಠ್ಯಪುಸ್ತಕ. "ಮಾಮ, ನಿನ್ನ ಅಡುಗೆ ಸೋಡಾ ಪಾಪದ್ದು, ಅಷ್ಟೇನೂ ತರಚಲ್ಲ. ಇಟ್ಟಿಗೆ ಪುಡಿ, ಮರಳು ಬೇಡ. ಗಡಸುತನದ ಮಾಪಕದಲ್ಲಿ ಹಲ್ಲಿನ ಎನಾಮೆಲ್ 5, ಮರಳಲ್ಲಿರೋ ಕ್ವಾರ್ಟ್ಸ್ 7. ಉಜ್ಜಿದಷ್ಟೂ ಸವೆಯುತ್ತೆ, ಸವೆದದ್ದು ಮತ್ತೆ ಬೆಳೆಯಲ್ಲ. ನಿಂಬೆರಸ ಹಾಕೋ ಯೋಚನೆ ಇದ್ದರೆ ಅದನ್ನೂ ಬಿಡು, ಹುಳಿಗೆ ಎನಾಮೆಲ್ ಕರಗುತ್ತೆ. ನಿನ್ನ ಪುಡೀಲಿ ಇಲ್ಲದೇ ಇರೋದು ಒಂದೇ, ಫ್ಲೋರೈಡ್. ಹುಳುಕು ತಡೆಯೋದು ಅದು."

"ಫ್ಲೋರೈಡು ವಿಷ" ಎಂದ ತಮ್ಮ.

ಅಪ್ಪ ನಡುವೆ ಬಂದರು. ಅವರು ಕೆಲವು ವರ್ಷ ಪಾವಗಡದ ಕಡೆ ಮೇಷ್ಟ್ರಾಗಿದ್ದವರು. ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಮಿತಿ ಮೀರಿದ ಸೀಮೆ. ಕುಡಿಯುವ ನೀರಿಗೆ ಲೀಟರಿಗೆ ಒಂದು ಮಿಲಿಗ್ರಾಂ ಸಾಕು, ಬೇರೆ ದಾರಿಯಿಲ್ಲದಿದ್ದರೆ ಒಂದೂವರೆ. ಅದನ್ನು ದಾಟಿದ ಊರುಗಳಲ್ಲಿ ಮಕ್ಕಳ ಹಲ್ಲು ಮೂಡುವಾಗಲೇ ಕಂದು ಗೆರೆ ಹೊತ್ತು ಬರುತ್ತದೆ. "ಗ್ರೂಪ್ ಫೋಟೋದಲ್ಲಿ ಒಂದು ಮಗೂನೂ ಬಾಯಿ ಬಿಟ್ಟು ನಗ್ತಿರಲಿಲ್ಲ" ಎಂದರು ಅಪ್ಪ. ತಮ್ಮ ಗೆದ್ದೆನೆಂದು ಎದೆ ಉಬ್ಬಿಸಿದ. ಮಗಳು, "ಅದು ನುಂಗಿದ್ದು ತಾತ. ಪೇಸ್ಟಲ್ಲಿರೋದು 1000 ಪಿಪಿಎಂ ಒಳಗೆ, ಅದೂ ಉಗಿಯೋದು" ಎಂದಳು. ಹೀಗೆ ಇಬ್ಬರೂ ಅಪ್ಪನ ಅನುಭವವನ್ನೇ ತಮ್ಮ ತಮ್ಮ ಕಡೆ ಎಳೆದಾಡುತ್ತಾ ಹೋದರು. ನನಗೆ ಕೇಳಿದರೆ ಮಗಳದೇ ಸರಿ. ಹೇಳಿದರೆ ತಮ್ಮ ಭರಣಿಗಳ ಖರ್ಚನ್ನು ನನ್ನ ಪಾಲಿಗೆ ಬರೆಯುತ್ತಿದ್ದ, ಅದಕ್ಕೆ ಸುಮ್ಮನಿದ್ದೆ.

ಕೊನೆಗೆ ತಮ್ಮ ತನ್ನ ಬ್ರಹ್ಮಾಸ್ತ್ರ ಬಿಟ್ಟ. "ಅಪ್ಪಾ, ನೀವೇ ಹೇಳಿ. ನಿಮ್ಮ ಚಿಕ್ಕಂದಿನಲ್ಲಿ ಪೇಸ್ಟ್ ಇತ್ತಾ? ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ. ಎಲ್ಲಾ ನೈಸರ್ಗಿಕ. ಏನಾಯ್ತು ಆಗಿನವರ ಹಲ್ಲಿಗೆ?"

ಅಪ್ಪ ಉತ್ತರ ಕೊಡಲಿಲ್ಲ. ಕೈ ಬಾಯಿಗೆ ಹೋಯಿತು. ಮೇಲಿನ ಸಾಲು ಬಂತು, ಕೆಳಗಿನ ಸಾಲು ಬಂತು. ಎರಡನ್ನೂ ತೊಳೆದು ತಂದು ಊಟದ ಮೇಜಿನ ಮೇಲೆ, ತಮ್ಮನ ಭರಣಿಯ ಪಕ್ಕದಲ್ಲೇ ಇಟ್ಟರು. ಆಮೇಲೆ ಬೊಚ್ಚು ಬಾಯಿಯಲ್ಲಿ, ಪಾಠದ ಕೊನೆಗೆ ಪ್ರಶ್ನೆ ಕೇಳುವ ಧಾಟಿಯಲ್ಲಿ, "ಏನಾಯ್ತು?" ಎಂದರು.

ಸಭೆ ಮುಗಿಯಿತು ಎನ್ನಬೇಕು. ಅಮ್ಮನ ಆಕ್ಷೇಪ ಬಾಕಿ ಇತ್ತು. "ಎಲೆ ಅಡಿಕೆ ತೆಂಗಿನಕಾಯಿ ಜೊತೆ ಹಲ್ಲುಪುಡಿ ಕೊಟ್ಟರೆ ಜನ ಏನಂದ್ಕೋತಾರೆ? ನಿಮ್ಮ ಬಾಯಿ ವಾಸನೆ, ಉಜ್ಕೊಳ್ಳಿ ಅಂದ ಹಾಗಲ್ವೇ? ನನ್ನ ತವರಿನವರು ಬರ್ತಾರೆ." ಈ ಮಾತಿಗೆ ತಮ್ಮನ ಬಳಿಯಾಗಲಿ ಸುಶ್ರುತನ ಬಳಿಯಾಗಲಿ ಜವಾಬಿರಲಿಲ್ಲ. ಅದಲ್ಲದೆ ಬರುವವರ ಪಟ್ಟಿ ನೋಡಿದರೆ ಅರ್ಧಕ್ಕರ್ಧ ಅಪ್ಪನ ಸಹೋದ್ಯೋಗಿಗಳು, ನಿವೃತ್ತ ಮೇಷ್ಟ್ರುಗಳು. ಇವರೆಲ್ಲರ ಸ್ವಂತ ಹಲ್ಲುಗಳನ್ನು ಒಟ್ಟುಗೂಡಿಸಿದರೂ ಇಬ್ಬರಿಗೆ ಸರಿಯಾಗಿ ಹಂಚುವುದು ಕಷ್ಟ. ಮಾಡಿಟ್ಟಿದ್ದ ಎರಡು ಡಬ್ಬಿ ಪುಡಿಯನ್ನು ಅಮ್ಮ ದೇವರ ಮನೆಗೆ ಒಯ್ದಳು. ಸೋಡಾ ಮತ್ತು ಉಪ್ಪು ತಗಲಿದ್ದೇ ತಡ, ಕರ್ರಗಾಗಿದ್ದ ಬೆಳ್ಳಿಯ ಪಂಚಪಾತ್ರೆ, ಉದ್ಧರಣೆ, ದೀಪದ ಕಂಬ ಎಲ್ಲ ಫಳಫಳ ಅಂದವು. ಶಾಂತಿಗೆ ಬೇಕಾದ ಪಾತ್ರೆಗಳೆಲ್ಲ ಈಗ ಸಿದ್ಧ. "ನೋಡಿದ್ಯಾ ಅಕ್ಕಾ, ಕೆಮಿಕಲ್ ಇಲ್ಲದೆ!" ಎಂದು ತಮ್ಮ ಅದರ ಫೋಟೋ ತೆಗೆದು ಗುಂಪಿಗೆ ಹಾಕಿದ. ತಾಳಿಯ ಮಾತೆತ್ತಿದಾಗ ಅಮ್ಮ ಒಂದೇ ಮಾತಿಗೆ ಮುಗಿಸಿದಳು: "ಎರಡು ಸಲ ಕಟ್ಟಿಸ್ಕೊಂಡಿದ್ದೀನಿ, ಎರಡೂ ಗಟ್ಟಿಯಾಗಿವೆ."

ಉಡುಗೊರೆಗೆ ಬಟ್ಟೆ ಚೀಲವೆಂದಾಯಿತು. ಅಡುಗೆಯವರು ಬಂದರು. ಬರುವವರ ವಯಸ್ಸು ತಿಳಿದು, ಅನುಭವಿಗಳು, ಅವರೇ ಮೆತ್ತನೆಯ ಪಟ್ಟಿ ಹೇಳುತ್ತಾ ಹೋದರು: ಹಯಗ್ರೀವ, ಶಾವಿಗೆ ಪಾಯಸ, ಬಿಸಿಬೇಳೆಬಾತು, ಮೊಸರನ್ನ. ಅಪ್ಪ ಈಸಿಚೇರಿನಿಂದ, "ಕೋಡುಬಳೆ" ಎಂದರು. ಅಡುಗೆಯವರು ನನ್ನ ಮುಖ ನೋಡಿದರು. "ಗರಿಗರಿ ಕೋಡುಬಳೆ. ಗಟ್ಟಿಯಾಗಿರಬೇಕು. ಎಲ್ಲ ಎಲೆಗೂ ಎರಡೆರಡು." ನಿಮಗೇ ಅಗಿಯೋಕೆ ಆಗಲ್ಲವಲ್ಲ ಅಪ್ಪಾ ಎಂದರೆ, "ನನಗೆ ಯಾಕೆ? ಯಾರು ಯಾರು ಇನ್ನೂ ಪಾಸಾಗ್ತಾರೆ ನೋಡಬೇಕು. ನಲವತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೀವಿ, ಒಬ್ಬರೂ ನಿಜ ಹೇಳಲ್ಲ."

ಆಮಂತ್ರಣ ಪತ್ರಿಕೆಯನ್ನು ನಾವೇ ಬರೆದು, ಒಪ್ಪಿಗೆಗೆ ಅಪ್ಪನ ಕೈಗೆ ಕೊಟ್ಟೆವು. ಅವರು ಕೆಂಪು ಪೆನ್ನು ತೆಗೆದು ಎರಡು ದೀರ್ಘ, ಒಂದು ಒತ್ತಕ್ಷರ ತಿದ್ದಿದರು. 'ತಮ್ಮ ಆಶೀರ್ವಾದವೇ ಉಡುಗೊರೆ' ಎಂಬುದರ ಕೆಳಗೆ ದುಂಡಗೆ ಇನ್ನೊಂದು ಸಾಲು ಸೇರಿಸಿದರು: 'ಭೋಜನಕ್ಕೆ ಕೋಡುಬಳೆ ಇರುತ್ತದೆ. ಸೆಟ್ ಇರುವವರು ಮರೆಯದೆ ಧರಿಸಿ ಬರುವುದು.' ಅಮ್ಮ ಅದನ್ನು ಹೊಡೆದು ಹಾಕುವಂತೆ ನನಗೆ ಕಣ್ಸನ್ನೆ ಮಾಡಿದಳು. ನಾನು ಪೆನ್ನು ಹುಡುಕುವಷ್ಟರಲ್ಲಿ ಅಪ್ಪ ಹಾಳೆಯ ಫೋಟೋ ತೆಗೆದು ನೇರವಾಗಿ ಪ್ರೆಸ್ಸಿನವನಿಗೆ ಕಳಿಸಿಯಾಗಿತ್ತು. ಪ್ರೆಸ್ಸಿನವನು ಅವರ ಶಿಷ್ಯ. ಸಾರ್ ಬರೆದದ್ದರಲ್ಲಿ ಒಂದಕ್ಷರ ಬದಲಿಸುವ ಧೈರ್ಯ ಅವನಿಗೆ ಐದನೇ ಕ್ಲಾಸಿನಲ್ಲೂ ಇರಲಿಲ್ಲ. ಐನೂರು ಪ್ರತಿ, ಬಂಗಾರದ ಬಣ್ಣದ ಶಾಯಿಯಲ್ಲಿ, ಸಂಜೆಯೊಳಗೆ ಅಚ್ಚು ಹಾಕಿ ಮನೆಗೆ ತಲುಪಿಸಿದ.