ಗೆಲ್ಲಲಾಗದ ತಂಡ: ಒಂದು ವ್ಯಾಕರಣ ಸಮಸ್ಯೆ

ಪೀಠಿಕೆ

ಇಂಗ್ಲೆಂಡಿನ ಆಗ್ನೇಯ ಮೂಲೆಯಲ್ಲಿರುವ ಕೆಂಟ್ ಕೌಂಟಿಗೆ ಬಿಳಿ ಕುದುರೆಯ ಲಾಂಛನವಿದೆ, ಜೊತೆಗೆ ಲ್ಯಾಟಿನ್ನಿನ ಒಂದೇ ಪದದ ಧ್ಯೇಯವಾಕ್ಯವಿದೆ: ಇನ್‌ವಿಕ್ಟಾ. 2000ದ ಬೇಸಿಗೆಯಲ್ಲಿ ಕ್ಯಾಂಟರ್ಬರಿಗೆ ಹೊಸದಾಗಿ ಬಂದಿದ್ದ ನಾನು, ಕೆಂಟ್ ತಂಡದ ಕ್ರಿಕೆಟ್ ಮೈದಾನದಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರಿಂದ ಅದರ ಅರ್ಥ ಕೇಳಿ ತಿಳಿದು, ಮನೆಗೆ ಬಂದು ಕನ್ನಡದಲ್ಲಿ ಬರೆದಿಟ್ಟುಕೊಂಡೆ: ‘ಗೆಲ್ಲಲಾಗದ’. ಆ ಅನುವಾದದಿಂದ ಆದ ಅನರ್ಥವೇ ಈ ಪ್ರಬಂಧದ ವಸ್ತು.

‘ಗೆಲ್ಲಲಾಗದ ತಂಡ’ ಎಂಬಲ್ಲಿ ತಂಡವು ಕರ್ಮವಾದರೆ, ಯಾರಿಂದಲೂ ಸೋಲಿಸಲಾಗದ ತಂಡ ಎಂದರ್ಥ. ತಂಡವೇ ಕರ್ತೃವಾದರೆ, ಏನನ್ನೂ ಗೆಲ್ಲಲು ಬಾರದ ತಂಡ ಎಂದರ್ಥ. ಲ್ಯಾಟಿನ್ ಪಂಡಿತರು ಮೊದಲನೆಯದೇ ಸರಿ ಎನ್ನುತ್ತಾರೆ. ಅವರಿಗೆ ಲ್ಯಾಟಿನ್ ಗೊತ್ತು. ಕೆಂಟ್ ತಂಡದ ಏಕದಿನ ಪಂದ್ಯ ಗೊತ್ತಿಲ್ಲ.

1. ವೃಕ್ಷ ಪ್ರಕರಣ

ಕ್ಯಾಂಟರ್ಬರಿಯ ಸೇಂಟ್ ಲಾರೆನ್ಸ್ ಮೈದಾನದಲ್ಲಿ ಬೌಂಡರಿಯ ಒಳಗೇ ಒಂದು ಮರವಿತ್ತು. ನಮ್ಮೂರಾಗಿದ್ದರೆ ಅದಕ್ಕೊಂದು ಕಟ್ಟೆ ಕಟ್ಟಿ, ದಾರ ಸುತ್ತಿ, ಆಟವನ್ನು ಬೇರೆ ಬಯಲಿಗೆ ಒಯ್ಯುತ್ತಿದ್ದೆವು. ಇಂಗ್ಲಿಷರು ‘ಚೆಂಡು ಮರಕ್ಕೆ ತಗುಲಿದರೆ ನಾಲ್ಕು ರನ್’ ಎಂದು ನಿಯಮ ಮಾಡಿ ಆಟ ಮುಂದುವರಿಸಿದರು. ‘ಲೈಮ್ ಮರ’ ಎಂದಿದ್ದಕ್ಕೆ ನಾನು ನಿಂಬೆ ಎಂದುಕೊಂಡಿದ್ದೆ. ಅದರ ಜಾತಿಯೇ ಬೇರೆ. ಸುಮಾರು ಇನ್ನೂರು ವರ್ಷ ನಿಂತಿದ್ದರೂ ಒಂದು ನಿಂಬೆಹಣ್ಣು ಬಿಟ್ಟಿದ್ದಿಲ್ಲ. ತಂಡದ ದೃಷ್ಟಿ ತೆಗೆಯಲು ಬೇಕಿದ್ದದ್ದು ಒಂದೇ ಒಂದು ಹಣ್ಣು.

ನಾನು ಬಂದ ವರ್ಷ ಕೆಂಟ್ ಪರ ಆಡುತ್ತಿದ್ದವರು ನಮ್ಮ ರಾಹುಲ್ ದ್ರಾವಿಡ್. ಆಗ ಮೈದಾನದ ಒಳಗೆ ಮರವೂ ಇತ್ತು, ಗೋಡೆಯೂ ಇತ್ತು. ದ್ರಾವಿಡ್ ಒಂದು ಋತು ಆಡಿ ಹೊರಟರು. ಮರುವರ್ಷವೇ, 2001ರಲ್ಲಿ, ಕೆಂಟ್ ಏಕದಿನದ ಲೀಗ್ ಗೆದ್ದಿತು. ನಮ್ಮ ಬೆಂಗಳೂರಿನವರು ಇರುವಷ್ಟು ದಿನ ಗೆಲ್ಲದೆ, ಅವರು ಬೆನ್ನು ತಿರುಗಿಸಿದ ಮೇಲೆ ಗೆದ್ದ ತಂಡದ ಸಹವಾಸ ನಾನು ಅಂದೇ ಬಿಡಬೇಕಿತ್ತು. ಆದರೆ ಅಷ್ಟರಲ್ಲಿ ಸದಸ್ಯತ್ವದ ದುಡ್ಡು ಕಟ್ಟಿಯಾಗಿತ್ತು. ಮರವು 2005ರ ಜನವರಿಯ ಬಿರುಗಾಳಿಗೆ ಮುರಿದು ಬಿತ್ತು. ಅದರ ಬದಲಿಗೆ ಹೊಸ ಲೈಮ್ ಸಸಿ ಬಂದಿದೆ. ಅದೂ ನಿಂಬೆಯಲ್ಲ.

2. ಆಶ್ರಮ ಪ್ರಕರಣ

ಏಕದಿನ ಕ್ರಿಕೆಟ್ಟಿನ ಜೀವನಚರಿತ್ರೆಯನ್ನು ಅದಕ್ಕೆ ದುಡ್ಡು ಕೊಟ್ಟವರ ಹೆಸರಿನಲ್ಲೇ ಓದಬಹುದು. 1963ರಲ್ಲಿ ಕೌಂಟಿಗಳ ಮೊದಲ ಏಕದಿನ ಕಪ್ಪಿಗೆ ಹೆಸರಾದದ್ದು ಜಿಲೆಟ್, ಗಡ್ಡ ಹೆರೆಯುವ ಬ್ಲೇಡು: ಮೀಸೆ ಚಿಗುರುವ ಬ್ರಹ್ಮಚರ್ಯ. 1969ರ ಭಾನುವಾರದ ಲೀಗಿಗೆ ಜಾನ್ ಪ್ಲೇಯರ್, 1972ರ ಕಪ್ಪಿಗೆ ಬೆನ್ಸನ್ ಅಂಡ್ ಹೆಜಸ್, ಎರಡೂ ಸಿಗರೇಟು: ಪಡ್ಡೆ ಹರೆಯ. ಇದೊಂದು ಆಶ್ರಮ ಶಾಸ್ತ್ರಕಾರರ ಕಣ್ಣಿಗೆ ಬಿದ್ದಂತಿಲ್ಲ. 1981ರಲ್ಲಿ ಜಿಲೆಟ್ ಕಪ್ಪು ನ್ಯಾಟ್‌ವೆಸ್ಟ್ ಬ್ಯಾಂಕಿನ ಪಾಲಾಯಿತು: ಸಾಲಸೋಲದ ಗೃಹಸ್ಥಾಶ್ರಮ. 2007ಕ್ಕೆ ಫ್ರೆಂಡ್ಸ್ ಪ್ರಾವಿಡೆಂಟ್, 2014ಕ್ಕೆ ರಾಯಲ್ ಲಂಡನ್, ವಿಮೆ ಪಿಂಚಣಿಗಳ ವ್ಯವಹಾರ: ವಾನಪ್ರಸ್ಥ. ಸಂನ್ಯಾಸಕ್ಕೆ ಪ್ರಾಯೋಜಕರು ಸಿಗುವುದಿಲ್ಲವಾದ್ದರಿಂದ 2023ರಲ್ಲಿ ಮೆಟ್ರೋ ಬ್ಯಾಂಕ್ ಬಂದು, ಆಟ ಮತ್ತೆ ಸಂಸಾರಕ್ಕೆ ಬಿತ್ತು.

ಇಲ್ಲಿ ಗಮನಿಸಬೇಕಾದ್ದು: 1967ರಿಂದ 1978ರವರೆಗೆ ಕೆಂಟ್ ಎರಡು ಜಿಲೆಟ್ ಕಪ್, ಮೂರು ಬೆನ್ಸನ್ ಅಂಡ್ ಹೆಜಸ್ ಕಪ್, ಮೂರು ಭಾನುವಾರದ ಲೀಗ್, ಒಟ್ಟು ಎಂಟು ಗೆದ್ದಿತ್ತು. ಬ್ಲೇಡು, ಸಿಗರೇಟಿನ ಕಾಲದಲ್ಲಿ ಮೆರೆದ ಹುಡುಗ ಬ್ಯಾಂಕಿನ ಕಟ್ಟೆ ಹತ್ತಿದ ಮೇಲೆ ಬಾಡಿದ.

3. ಅಷ್ಟನಾಯಿಕಾ ಪ್ರಕರಣ

1978ರ ನಂತರ ಕೆಂಟ್ ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಎಂಟು ಫೈನಲ್ ಆಡಿತು: 1983, 1984, 1986, 1992, 1995, 1997, 2008, 2018. ಎಂಟನ್ನೂ ಸೋತಿತು. ನಮ್ಮ ಅಲಂಕಾರಶಾಸ್ತ್ರವು ನಾಯಿಕೆಯರನ್ನು ಎಂಟು ಬಗೆಯೆಂದು ಹೇಳಿರುವುದು ಕೇವಲ ಕಾಕತಾಳೀಯ ಎಂದು ನಂಬುವುದು ಕಷ್ಟ.

1984ರಲ್ಲಿ ಕೊನೆಯ ಎಸೆತದವರೆಗೂ ಕಪ್ಪು ಕೈಗೆಟುಕುವಷ್ಟು ದೂರದಲ್ಲಿತ್ತು. ಮಿಡ್ಲ್‌ಸೆಕ್ಸ್‌ನ ಜಾನ್ ಎಂಬುರಿ ಆ ಎಸೆತವನ್ನು ಬೌಂಡರಿಗಟ್ಟಿದರು. ಸಂಕೇತಸ್ಥಳಕ್ಕೆ ಹೋದರೂ ನಲ್ಲ ಬಾರದ ವಿಪ್ರಲಬ್ಧೆ ಎಂದರೆ ಅಂದಿನ ಬೆಂಬಲಿಗ. 1986ರಲ್ಲಿ ಅದೇ ಮಿಡ್ಲ್‌ಸೆಕ್ಸ್, ಈ ಸಲ ಎರಡೇ ರನ್ನಿನ ಸೋಲು: ಬಾರದ ನಲ್ಲನಿಗಾಗಿ ಕಾತರಿಸುವ ವಿರಹೋತ್ಕಂಠಿತೆ. 1995ರ ಫೈನಲಿನಲ್ಲಿ ಅರವಿಂದ ಡಿಸಿಲ್ವ 112 ರನ್ ಹೊಡೆದು ಪಂದ್ಯದ ಶ್ರೇಷ್ಠ ಆಟಗಾರ ಎನಿಸಿಕೊಂಡರು, ಕಪ್ಪು ಲ್ಯಾಂಕಾಷೈರ್ ಒಯ್ದಿತು. ಅದೇ ವರ್ಷ ಕೆಂಟ್ ಭಾನುವಾರದ ಲೀಗನ್ನು ಗೆದ್ದು, ನಾಲ್ಕು ದಿನದ ಚಾಂಪಿಯನ್‌ಷಿಪ್ಪಿನಲ್ಲಿ 18 ಕೌಂಟಿಗಳಲ್ಲಿ 18ನೆಯದಾಯಿತು. ಭಾನುವಾರದ ಮನೆಯಲ್ಲಿ ಉಂಡು, ವಾರವಿಡೀ ನಮ್ಮ ಮನೆಯಲ್ಲಿ ನಿದ್ದೆ ಹೊಡೆದ ನಲ್ಲನ ಮುಂದೆ ನಿಂತವಳು ಖಂಡಿತೆ. 2008ರಲ್ಲಿ ಲಾರ್ಡ್ಸ್ ಫೈನಲನ್ನು ಎಸೆಕ್ಸ್‌ಗೂ, ಟಿ20 ಫೈನಲನ್ನು ಮೂರು ರನ್ನಿನಿಂದ ಮತ್ತದೇ ಮಿಡ್ಲ್‌ಸೆಕ್ಸ್‌ಗೂ ಸೋತು, ಚಾಂಪಿಯನ್‌ಷಿಪ್ಪಿನಲ್ಲಿ ಎರಡನೆಯ ದರ್ಜೆಗೂ ಇಳಿದರು. ಅಂದು ಸದಸ್ಯತ್ವದ ಕಾರ್ಡನ್ನು ಹರಿಯಲು ಹೋದೆ. ಪ್ಲಾಸ್ಟಿಕ್ಕಿನದು, ಹರಿಯಲಿಲ್ಲ. ವಸಂತ ಬರುತ್ತಲೇ ನವೀಕರಿಸಿದೆ: ಜಗಳವಾಡಿ ಪರಿತಪಿಸುವ ಕಲಹಾಂತರಿತೆ.

2018ರಲ್ಲಿ ಬುತ್ತಿ ಕಟ್ಟಿಕೊಂಡು ನಾನೇ ಲಾರ್ಡ್ಸ್‌ಗೆ ಹೋದೆ: ನಲ್ಲನನ್ನು ಅರಸಿ ತಾನೇ ಹೊರಡುವ ಅಭಿಸಾರಿಕೆ. ಹಿಂದಿನ ರಾತ್ರಿ ಪುಳಿಯೋಗರೆ ಕಲಸುತ್ತಿದ್ದ ನನ್ನ ಹೆಂಡತಿ ಕೇಳಿದಳು: “ರೀ, ಸೋಲೋದು ಗ್ಯಾರಂಟಿ ಅಂದ್ಮೇಲೆ ಇಷ್ಟೊಂದು ಯಾಕೆ?”

“ಸೋಲೋದಕ್ಕೂ ಏಳು ಗಂಟೆ ಹಿಡಿಯತ್ತೆ ಕಣೇ.”

ಹ್ಯಾಂಪ್‌ಶೈರ್ 61 ರನ್ನಿನಿಂದ ಗೆದ್ದಿತು. ಪುಳಿಯೋಗರೆ ಮಾತ್ರ ಸರಿಯಾಗಿ ಖಾಲಿಯಾಯಿತು. ನಲ್ಲನು ಸದಾ ಕೈವಶನಾಗಿರುವ ಸ್ವಾಧೀನಪತಿಕೆಯ ಲಕ್ಷಣ ಮಾತ್ರ ಕೆಂಟಿನಲ್ಲಿ 1978ರಿಂದೀಚೆಗೆ ಕಂಡುಬಂದಿಲ್ಲ.

4. ವಾಸ್ತು ಪ್ರಕರಣ

ಲಾರ್ಡ್ಸ್ ಮೈದಾನ ಸಮತಟ್ಟಾಗಿಲ್ಲ. ವಾಯವ್ಯದಿಂದ ಆಗ್ನೇಯಕ್ಕೆ ಸುಮಾರು ಎರಡೂವರೆ ಮೀಟರ್ ಇಳಿಜಾರಿದೆ. ನಿವೇಶನದ ನೀರು ಈಶಾನ್ಯಕ್ಕೆ ಹರಿಯಬೇಕೆಂಬುದು ಜಯನಗರದಲ್ಲಿ ಮನೆ ಕಟ್ಟಿಸಿದ ಯಾರಿಗೂ ಗೊತ್ತು. ಇಲ್ಲಿ ವಾಯುಮೂಲೆಯಿಂದ ಹೊರಟ ನೀರು ನೇರ ಅಗ್ನಿಮೂಲೆಗೆ ಇಳಿಯುತ್ತದೆ. ಇಡೀ ಇಂಗ್ಲೆಂಡಿನ ನಕ್ಷೆಯಲ್ಲಿ ಅಗ್ನಿಮೂಲೆ ಯಾವುದು? ಕೆಂಟ್. ಲಾರ್ಡ್ಸಿನಲ್ಲಿ ಯಾರೇ ಚೆಲ್ಲಿದ ದುರದೃಷ್ಟವೂ ಇಳಿಜಾರು ಹಿಡಿದು ನಮ್ಮ ಅಂಗಳಕ್ಕೇ ಬರುತ್ತದೆ.

ಪಕ್ಕದ ಹಿರಿಯರು ಥರ್ಮಾಸಿನ ಮುಚ್ಚಳಕ್ಕೆ ಚಹಾ ಬಗ್ಗಿಸುತ್ತ ಪೂರ್ವಪಕ್ಷ ಎತ್ತಿದರು: “ಎದುರು ತಂಡವೂ ಅದೇ ಇಳಿಜಾರಿನಲ್ಲಿ ಆಡಿತಲ್ಲ?” ಉತ್ತರ: ಎರಡು ಸಂಸಾರ ಒಂದೇ ಮನೆಯಲ್ಲಿದ್ದರೂ ವಾಸ್ತುದೋಷ ತಟ್ಟುವುದು ಯಾರ ಜಾತಕ ದುರ್ಬಲವೋ ಅವರಿಗೆ. ಇನ್ನೊಂದು ಪ್ರಮಾಣ: ಕೆಂಟ್ 2007ರಲ್ಲಿ ಮತ್ತು 2021ರಲ್ಲಿ ಟಿ20 ಕಪ್ ಗೆದ್ದದ್ದು ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ನಿನಲ್ಲಿ. ಹಿರಿಯರು ಚಹಾ ಕುಡಿದು ಮುಗಿಸಿದರು. ಮೌನವನ್ನು ಸಮ್ಮತಿಯೆಂದು ದಾಖಲಿಸಿಕೊಂಡಿದ್ದೇನೆ.

5. ಆಗಸ್ಟ್ ಪ್ರಕರಣ

ಸಿದ್ಧಾಂತ ಇಷ್ಟು ಗಟ್ಟಿಯಾಗಿ ನಿಂತಿರುವಾಗ 2022 ಬಂತು.

ಮೊದಲು ಹಿನ್ನೆಲೆ. 2021ರಿಂದ ‘ದಿ ಹಂಡ್ರೆಡ್’ ಎಂಬ ನೂರು ಎಸೆತದ ಆಟಕ್ಕೆ ಕೌಂಟಿಗಳ ಹೆಸರಾಂತ ಆಟಗಾರರೆಲ್ಲ ಆಗಸ್ಟಿನಲ್ಲಿ ಹೊರಟುಬಿಡುತ್ತಾರೆ. ಏಕದಿನ ಕಪ್ಪೂ ಅದೇ ಆಗಸ್ಟಿನಲ್ಲಿ. ಊರ ತೇರಿನ ದಿನವೇ ಹಗ್ಗ ಹಿಡಿಯುವವರೆಲ್ಲ ಪಕ್ಕದೂರಿನ ಜಾತ್ರೆಗೆ ಹೋದ ಹಾಗೆ. ಉಳಿದ ನಾವು ನಲ್ಲ ಪರವೂರಿಗೆ ಹೋದ ಪ್ರೋಷಿತಪತಿಕೆಯರು. ತೇರು ಎಳೆಯಲು ಸಿಗುವವರು ಹುಡುಗರು, ಇಲ್ಲವೇ ವಯಸ್ಸಾದವರು.

ಕೆಂಟಿಗೆ ಸಿಕ್ಕ ವಯಸ್ಸಾದವರು ಡ್ಯಾರೆನ್ ಸ್ಟೀವನ್ಸ್, 46 ವರ್ಷ. ಋತು ಮುಗಿದ ಮೇಲೆ ಒಪ್ಪಂದ ಮುಂದುವರಿಸುವುದಿಲ್ಲವೆಂದು ಅವರಿಗೆ ಹೇಳಿಯಾಗಿತ್ತು. ಸೆಮಿಫೈನಲಿನಲ್ಲಿ ಹ್ಯಾಂಪ್‌ಶೈರ್ ವಿರುದ್ಧ ಔಟಾಗದೆ 84 ಹೊಡೆದು ತಂಡವನ್ನು ದಾಟಿಸಿದರು. ಹುಡುಗರ ಪೈಕಿ ಜೋಯಿ ಎವಿಸನ್ ನಾಟಿಂಗ್‌ಹ್ಯಾಮ್‌ಶೈರಿನಿಂದ ಎರವಲು ಬಂದವರು. ಫೈನಲ್ ಆಗ ಲಾರ್ಡ್ಸಿನಲ್ಲಿ ಅಲ್ಲ, ಅದೇ ನಾಟಿಂಗ್‌ಹ್ಯಾಮಿನ ಟ್ರೆಂಟ್ ಬ್ರಿಡ್ಜಿನಲ್ಲಿ. ಸೆಪ್ಟೆಂಬರ್ 17ರಂದು ಎವಿಸನ್ ತಮ್ಮದೇ ಹಳೆಯ ಅಂಗಳದಲ್ಲಿ 97 ಹೊಡೆದರು. ಕೆಂಟ್ ಲ್ಯಾಂಕಾಷೈರನ್ನು 21 ರನ್ನಿನಿಂದ ಸೋಲಿಸಿತು. 1978ರ ನಂತರ ಏಕದಿನದ ಮೊದಲ ಫೈನಲ್ ಗೆಲುವು.

ವಿದ್ವಾಂಸನಿಗೆ ಇದು ಸಂಭ್ರಮದ ದಿನವಾಗಬೇಕಿತ್ತು: ಲಾರ್ಡ್ಸ್ ಬಿಟ್ಟೊಡನೆ ಗೆಲುವು, ವಾಸ್ತು ಸಿದ್ಧಾಂತಕ್ಕೆ ಮುದ್ರೆ. ಕರ್ಮವಾದಿಗಳೂ ಸುಮ್ಮನಿರಲಿಲ್ಲ: ಎಂಟು ಗೆದ್ದದ್ದಕ್ಕೆ ಎಂಟು ಸೋಲು, ಲೆಕ್ಕ ಚುಕ್ತಾ. ಆದರೆ ಪ್ರಯೋಗದಲ್ಲಿ ಒಂದು ದೋಷವಿತ್ತು. 2018ರಲ್ಲಿ ನಾನು ಹೋಗಿದ್ದೆ, ಸೋತರು. 2022ರಲ್ಲಿ ನನ್ನ ಕಾಲ್ಗುಣ ನೆನೆದು, ತಂಡದ ಹಿತಕ್ಕಾಗಿ ಮನೆಯಲ್ಲೇ ಕೂತು ರೇಡಿಯೋ ಕೇಳಿದೆ, ಗೆದ್ದರು. ಬದಲಾದದ್ದು ಮೈದಾನವೋ, ನಾನೋ? ಎರಡನ್ನೂ ಒಟ್ಟಿಗೆ ಬದಲಿಸಿದ ಮೇಲೆ ಯಾವ ವಿಜ್ಞಾನಿಯೂ ಉತ್ತರ ಹೇಳಲಾರ. ನಲವತ್ತನಾಲ್ಕು ವರ್ಷ ಕಾದ ಹಿರಿಯರು ಅಂದು ಟ್ರೆಂಟ್ ಬ್ರಿಡ್ಜಿನಲ್ಲಿದ್ದರು. ಮುಂದಿನ ವಸಂತದಲ್ಲಿ ಸಿಕ್ಕಾಗ ಹೇಳಿದ್ದು ಇಷ್ಟೇ: “ನಿಮ್ಮ ಕುರ್ಚಿ ಖಾಲಿ ಇತ್ತು. ಥ್ಯಾಂಕ್ಸ್.”

ಉಪಸಂಹಾರ

ಮುಂದೆಂದಾದರೂ ಕೆಂಟ್ ಫೈನಲಿಗೆ ಬಂದರೆ, ಶಾಸ್ತ್ರದ ಪ್ರಕಾರ ನಾನು ಹೋಗಕೂಡದು. ಬೆಂಬಲಿಗನ ಪರಮ ಸೇವೆ ಗೈರುಹಾಜರಿ. ಇದನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, “ಹಾಗಾದ್ರೆ ಪುಳಿಯೋಗರೆ ಗೊಜ್ಜು ಮಾಡಿಡೋದು ಬೇಡ್ವಾ?” ಎಂದಳು.

“ಮಾಡಿಡು” ಎಂದೆ.

ಕಡೆಗೆ ವ್ಯಾಕರಣಕ್ಕೆ ಬರೋಣ. 2022ರ ನಂತರ ಏಕದಿನದ ಫೈನಲುಗಳ ಮಟ್ಟಿಗೂ ‘ಏನನ್ನೂ ಗೆಲ್ಲಲು ಬಾರದ ತಂಡ’ ಎಂಬ ಅರ್ಥ ಸುಳ್ಳಾಯಿತು. ‘ಯಾರಿಂದಲೂ ಸೋಲಿಸಲಾಗದ ತಂಡ’ ಎಂಬ ಅರ್ಥ ಹೇಗೂ ನಿಂತಿರಲಿಲ್ಲ. ಎರಡು ಅರ್ಥವೂ ಬಿದ್ದ ಮೇಲೆ ವಾಕ್ಯದಲ್ಲಿ ಇಷ್ಟು ದಿನ ಬಿಟ್ಟುಹೋಗಿದ್ದ ಪದಗಳನ್ನು ತುಂಬಬೇಕಾಗುತ್ತದೆ. ಕರ್ಮ: ಈ ತಂಡದ ಹುಚ್ಚು. ಕ್ರಿಯಾಪದ: ಗೆಲ್ಲಲಾಗದು. ಕರ್ತೃ: ನಾನು.