‘ಇರ್ಲಿ ಬಿಡಿ’ ಇಂಜಿನಿಯರು

ಡೇಟಾಬೇಸಿಗೆ ಕ್ವೆರಿ ಬರೆಯುವಾಗ ಬೇಕಾದ ಕಾಲಮ್ಮುಗಳ ಹೆಸರನ್ನು ಒಂದೊಂದಾಗಿ ಟೈಪ್ ಮಾಡುವುದು ವೈಟ್‌ಫೀಲ್ಡಿನ ಈ ಇಂಜಿನಿಯರಿಗೆ ಜಿಪುಣತನವಾಗಿ ಕಾಣುತ್ತದೆ. ‘ಸೆಲೆಕ್ಟ್’ ಎಂದು ಬರೆದು ಪಕ್ಕದಲ್ಲೊಂದು ಸ್ಟಾರ್ ಒತ್ತಿದರೆ ಟೇಬಲ್ಲಿನಲ್ಲಿ ಇದ್ದಬದ್ದ ಕಾಲಮ್ಮುಗಳೆಲ್ಲ ಎದ್ದು ಬರುತ್ತವೆ. ಪುಟದಲ್ಲಿ ತೋರಿಸಬೇಕಾದದ್ದು ಗ್ರಾಹಕರ ಹೆಸರು ಮತ್ತು ಫೋಟೊ. ಸರ್ವರಿನಿಂದ ಹೊರಡುವುದು ಮೊಬೈಲ್ ನಂಬರು, ಹುಟ್ಟಿದ ದಿನ, ಮನೆ ವಿಳಾಸ, ಪಾಸ್‌ವರ್ಡಿನ ಹ್ಯಾಶ್. ಹೆಸರು ಕೇಳಿದವರ ಮುಂದೆ ಜಾತಕವನ್ನೇ ಬಿಚ್ಚಿಡುವ ಔದಾರ್ಯ. ಜಾತಕ ಮಾತ್ರ ಬೇರೆಯವರದ್ದು.

ಕೇಳಿದರೆ ಉತ್ತರ ಸಿದ್ಧ: “ಇರ್ಲಿ ಬಿಡಿ, ಮುಂದೆ ಬೇಕಾಗ್ಬಹುದು.”

ಟೆಸ್ಟಿಂಗಿನ ಹುಡುಗಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆರೆದು ತೋರಿಸುತ್ತಾಳೆ.

“ಸರ್, ಎಲ್ಲರ ಹ್ಯಾಶೂ ಬರ್ತಿದೆ.”

“ಸ್ಕ್ರೀನ್ ಮೇಲೆ ಕಾಣ್ಸುತ್ತಾ?”

“ಇಲ್ಲ.”

“ಮತ್ತೇನಮ್ಮಾ?”

ಬೇಡದ್ದನ್ನು ಫ್ರಂಟ್ ಎಂಡ್ ಸೋಸಿಕೊಳ್ಳಲಿ ಎಂಬ ಈ ನಂಬಿಕೆಗೆ ಸಾಫ್ಟ್‌ವೇರ್ ಭದ್ರತೆಯ ಓವಾಸ್ಪ್ ಸಂಸ್ಥೆ 2019ರ ಎಪಿಐ ಅಪಾಯಗಳ ಪಟ್ಟಿಯಲ್ಲಿ ಮೂರನೇ ರ‍್ಯಾಂಕ್ ಕೊಟ್ಟಿತು. ಪೇಡಾ ಹಂಚಿದವರಿಲ್ಲ.

ಕಾಣದ್ದು ಇಲ್ಲವೇ ಇಲ್ಲ ಎನ್ನುವುದರಲ್ಲಿ ಇವರು ಒಂಟಿಯಲ್ಲ. ಅಮೆರಿಕದ ಮಿಸ್ಸೌರಿ ರಾಜ್ಯದಲ್ಲಿ ಶಿಕ್ಷಕರ ಅರ್ಹತೆ ನೋಡುವ ಸರ್ಕಾರಿ ಜಾಲತಾಣವಿತ್ತು. ಅದರ ಪುಟಗಳ ಸೋರ್ಸ್ ಕೋಡಿನಲ್ಲಿ ಶಿಕ್ಷಕರ ಸೋಷಿಯಲ್ ಸೆಕ್ಯುರಿಟಿ ನಂಬರುಗಳು ಅಡಗಿ ಕೂತಿದ್ದವು. 2021ರಲ್ಲಿ ಅದನ್ನು ಕಂಡ ಸೇಂಟ್ ಲೂಯಿಸ್ ಪೋಸ್ಟ್-ಡಿಸ್ಪ್ಯಾಚ್ ಪತ್ರಿಕೆಯ ವರದಿಗಾರ ಇಲಾಖೆಗೆ ತಿಳಿಸಿದ. ತೂತು ಮುಚ್ಚುವವರೆಗೆ ಪತ್ರಿಕೆ ಸುದ್ದಿಯನ್ನು ತಡೆಹಿಡಿಯಿತು. ಗವರ್ನರ್ ಮೈಕ್ ಪಾರ್ಸನ್ ಅವನನ್ನೇ ಹ್ಯಾಕರ್ ಎಂದು ಕರೆದು, ಕೇಸು ಹಾಕಿಸುವ ಮಾತಾಡಿದರು. ಮರುವರ್ಷದ ಫೆಬ್ರುವರಿಯಲ್ಲಿ ಪ್ರಾಸಿಕ್ಯೂಟರ್ ಕೇಸು ಹಾಕುವುದಿಲ್ಲ ಎಂದರು. ನಮ್ಮ ಇಂಜಿನಿಯರು ಮಾತ್ರ ಇವತ್ತಿಗೂ ಗವರ್ನರ್ ಪಕ್ಷ: “ಸುಮ್ನೆ ಪುಟ ನೋಡೋದು ಬಿಟ್ಟು ಸೋರ್ಸ್ ಯಾಕ್ರೀ ನೋಡ್ಬೇಕು?”

ಆದರೂ ಹಟಮಾರಿಯಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಭದ್ರತೆಯಲ್ಲಿ ತಪ್ಪಿದರೆ 250 ಕೋಟಿ ರೂಪಾಯಿವರೆಗೆ ದಂಡವಿದೆ ಎಂದು ಮ್ಯಾನೇಜರು ಮೇಲ್ ಕಳಿಸಿದ ದಿನವೇ ಕೋಡ್ ತಿದ್ದಿದರು. ಎಲ್ಲವೂ ಹೋಗಲಿ, ‘ಎಕ್ಸ್‌ಕ್ಲೂಡ್: ಪಾಸ್‌ವರ್ಡ್’ ಎಂಬ ತಿದ್ದುಪಡಿ ಅದು. ಕೊಡಬೇಕಾದ್ದರ ಪಟ್ಟಿ ಬರೆದಿದ್ದರೆ ಹೊಸದಾಗಿ ಬಂದ ಕಾಲಮ್ ತಾನಾಗಿಯೇ ಒಳಗುಳಿಯುತ್ತಿತ್ತು. ಇವರು ಬರೆದದ್ದು ಕೊಡಬಾರದ್ದರ ಪಟ್ಟಿ, ಅದರಲ್ಲಿ ಇದ್ದದ್ದು ಒಂದೇ ಹೆಸರು.

ಮುಂದಿನ ರಿಲೀಸಿನಲ್ಲಿ ಪಕ್ಕದ ತಂಡದವರು ಅದೇ ಟೇಬಲ್ಲಿಗೆ ಪ್ಯಾನ್ ನಂಬರಿನ ಕಾಲಮ್ ಸೇರಿಸಿದರು. ಹುಡುಗಿ ಮತ್ತೆ ಲ್ಯಾಪ್‌ಟಾಪ್ ಹಿಡಿದು ಬಂದು ನಿಂತಳು.

“ಪಾಸ್‌ವರ್ಡ್ ತೆಗ್ದಿದೀನಲ್ಲಮ್ಮಾ,” ಎಂದರು, ನೊಂದ ದನಿಯಲ್ಲಿ.